ಎರಡೂ ಪಟ್ಟಿಯಲ್ಲಿ ನನ್ನ ಹೆಸರು

"ನಮಗೆ ಇಷ್ಟು ಬೆಳವಣಿಗೆ ಸಾಕು. ಇನ್ನು ಬೇಡ" ಎಂದು ಆ ಮನುಷ್ಯ ಎದ್ದು ನಿಂತು ಹೇಳಿದ. ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ನಾನೂ ತಟ್ಟಲೆಂದು ಎತ್ತಿದ ಕೈಗಳು ಅಲ್ಲೇ ನಿಂತುಬಿಟ್ಟವು. ಹೇಳಿದವನು ಎಲ್ಲ ಬಿಟ್ಟ ಬೈರಾಗಿಯಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬ್ಯಾಟರಿ ಸೈಕಲ್ಲಿನಲ್ಲಿ ಬಂದಿದ್ದ ನಿವೃತ್ತ ಗೃಹಸ್ಥ. ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್ ಎಂಬ ಊರಿನ ಸಮುದಾಯ ಭವನ. ಸಂಜೆ ಏಳೂವರೆಯಾಗಿದ್ದರೂ ಹೊರಗೆ ನಮ್ಮೂರಿನ ನಾಲ್ಕು ಗಂಟೆಯ ಬಿಸಿಲು. ತಲೆಗೊಂದು ಕಪ್ ಕಾಫಿ, ಒಂದೇ ಒಂದು ಬಿಸ್ಕೀಟು. ಬೆಳವಣಿಗೆ ತರುತ್ತೇವೆ ಎಂದು ಭಾಷಣ ಮಾಡಿದವರನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ದಯವಿಟ್ಟು ನಿಲ್ಲಿಸಿ ಎಂದು ಬೇಡಿಕೊಂಡವರನ್ನು ಕೇಳಿದ್ದು ಅದೇ ಮೊದಲು.

ನಾನು ಗದಗಿನಲ್ಲಿ ಹನ್ನೊಂದು ವರ್ಷ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸಿದವಳು. 'ಆರ್ಥಿಕ ಬೆಳವಣಿಗೆ ಎಂದರೇನು? ಅದು ಏಕೆ ಮುಖ್ಯ?' ಎಂಬುದು ಆರು ಅಂಕದ ಪ್ರಶ್ನೆ. ಅದರ ಉತ್ತರವನ್ನು ನಾನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಅದನ್ನು ನನ್ನಿಂದಲೇ ಬರೆದುಕೊಂಡಿದ್ದೀರಿ. ಅಂಥವಳಿಗೆ ಆ ಸಂಜೆ ಆ ಆರು ಅಂಕದಲ್ಲಿ ಒಂದೂ ಕೈಗೆ ಸಿಗಲಿಲ್ಲ. ಜೊತೆಗೆ ಇನ್ನೊಂದು ಭಯ. ಮಾತನಾಡುವವರ ಪಟ್ಟಿಯಲ್ಲಿ ಆತ ಮೂರನೆಯವ, ನಾಲ್ಕನೆಯ ಹೆಸರು ನನ್ನದು. ಅಲ್ಲಿಗೆ ಹೇಗೆ ಬಂದು ಸಿಕ್ಕಿಬಿದ್ದೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನಾವು ಇಲ್ಲಿಗೆ ಬಂದು ನಾಲ್ಕು ವರ್ಷ. ನನ್ನ ಗಂಡ ಪ್ರಕಾಶ್, ಚಿಪ್ ತಯಾರಿಸುವ ಯಂತ್ರಗಳನ್ನು ಮಾಡುವ ದೊಡ್ಡ ಕಂಪನಿಯಲ್ಲಿ ಎಂಜಿನಿಯರ್. ಬೆಳಿಗ್ಗೆ ಸೈಕಲ್ ಸ್ಟ್ಯಾಂಡಿನಲ್ಲಿ ಅರ್ಧ ಹುಬ್ಬಳ್ಳಿ ಸಿಗುತ್ತದೆ ಎಂದು ಅವರು ತಮಾಷೆ ಮಾಡುತ್ತಾರೆ. ಆದರೆ ಹೀಗೆ ಬಂದವರಿಗೆಲ್ಲ ಮನೆ ಸಿಗುವುದಿಲ್ಲ. ಗದಗಿನಲ್ಲಿ ಮನೆ ಖಾಲಿಯಾಗಿ 'ಬಾಡಿಗೆಗೆ ಇದೆ' ಎಂಬ ಬೋರ್ಡು ನೇತಾಡುತ್ತದೆ. ಇಲ್ಲಿ ಒಂದು ಮನೆ ಖಾಲಿಯಾದರೆ ನೋಡಲು ಬಂದವರ ಸಾಲು ಮೂಲೆಯವರೆಗೆ ಹೋಗುತ್ತದೆ. ನಮಗೆ ಸಿಕ್ಕಿದ ಮನೆಯ ಯಜಮಾನರು ಹೊರದೇಶದಲ್ಲಿದ್ದರು. ಅವರು ಮರಳಿದ ದಿನ ನಾವು ಬಿಡಬೇಕು ಎಂಬ ಕರಾರಿತ್ತು. ಮುಂದಿನ ವರ್ಷ ಮರಳುತ್ತೇವೆ ಎಂದು ನಾವು ಬಂದ ಎರಡನೆಯ ಚಳಿಗಾಲದಲ್ಲಿ ತಿಳಿಸಿದರು. ಈ ಊರಿನಲ್ಲಿ ಮನೆ ಸಿಗದಿದ್ದರೆ ಬೇರೆ ಊರು, ಬೇರೆ ಊರೆಂದರೆ ಮಗಳು ಸಿಂಚನಾಳಿಗೆ ಮೂರನೆಯ ಶಾಲೆ. ಒಂಬತ್ತು ವರ್ಷದ ಅವಳು ಸುದ್ದಿ ಕೇಳಿ "ನಾಟ್ ಅಗೇನ್, ಅಮ್ಮಾ" ಎಂದಷ್ಟೇ ಹೇಳಿ ಶೂ ಬಿಚ್ಚುತ್ತ ಕುಳಿತಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಆಗಲೇ ಊರಂಚಿನಲ್ಲಿ ಹೊಸ ಮನೆಗಳು ಬರಲಿವೆ ಎಂಬ ಸುದ್ದಿ ಬಂತು. ಮೊದಲು ಆಸಕ್ತರು ಹೆಸರು ನೋಂದಾಯಿಸಬೇಕು, ಯೋಜನೆಗೆ ಒಪ್ಪಿಗೆ ಸಿಕ್ಕ ಮೇಲೆ ಚೀಟಿ ಎತ್ತುತ್ತಾರೆ. ಪ್ರಕಾಶ್ ಅದೇ ದಿನ ನಮ್ಮಿಬ್ಬರ ಹೆಸರನ್ನೂ ಹಾಕಿದರು.

ಇನ್ನು ರೀತ್ ಬಗ್ಗೆ ಹೇಳಬೇಕು. ಪಕ್ಕದ ಮನೆಯಲ್ಲಿ ಒಬ್ಬರೇ ಇರುವ, ಎಪ್ಪತ್ತು ದಾಟಿದ ಹೆಂಗಸು. ಇಲ್ಲಿ ಎಷ್ಟು ಹಿರಿಯರಾದರೂ ಬರೀ ಹೆಸರು ಹಿಡಿದು ಕರೆಯಬೇಕು. ನನಗೆ ಅದು ಇಂದಿಗೂ ಆಗದ ಕೆಲಸ. ಬಾಯಲ್ಲಿ ರೀತ್ ಎಂದರೂ ಮನಸ್ಸಿನಲ್ಲಿ ರೀತವ್ವ. ಬಂದ ಮೊದಲ ವರ್ಷ ನನ್ನ ಜೊತೆ ದಿನಕ್ಕೆ ಎರಡು ಮಾತಾಡಿದ ಮನುಷ್ಯರು ಅವರೊಬ್ಬರೇ. ಡಚ್ ಬಾರದೆ ನನಗೆ ಪಾಠ ಹೇಳುವ ಕೆಲಸ ಸಿಗುವ ಹಾಗಿರಲಿಲ್ಲ. ಸಂಬಳವಿಲ್ಲದ ಕೆಲಸ ರಾಷ್ಟ್ರೀಯ ಆದಾಯದಲ್ಲಿ ಸೇರುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವಳು ನಾನೇ. ಗದಗಿನಲ್ಲಿ ಲೆಕ್ಕಕ್ಕಿದ್ದವಳು ವೆಲ್ಡ್‌ಹೋವನ್‌ಗೆ ಬಂದು ಲೆಕ್ಕದಿಂದ ಜಾರಿಹೋಗಿದ್ದೆ. ಮಧ್ಯಾಹ್ನ ಮೂರು ಗಂಟೆಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಸುಮ್ಮನೆ ಅತ್ತ ದಿನಗಳಿವೆ.

ಅಂಥ ಒಂದು ಮಧ್ಯಾಹ್ನ ರೀತ್ ಬೇಲಿಯಾಚೆಯಿಂದ ಕರೆದು ತಮ್ಮ ಫೋಲ್ಕ್ಸ್‌ತೌನ್‌ಗೆ ಕರೆದೊಯ್ದರು. ಹಾಗೆಂದರೆ ಊರಂಚಿನಲ್ಲಿ ಜನರಿಗೆ ತುಂಡು ತುಂಡಾಗಿ ಕೊಟ್ಟಿರುವ ಕೈತೋಟದ ಜಾಗ. ನಮ್ಮ ಮನೆಯ ಪಡಸಾಲೆಯಷ್ಟು ಅಗಲದ ಪಟ್ಟಿ, ಮೂಲೆಯಲ್ಲೊಂದು ಮರದ ಗೂಡು. ಅದರಲ್ಲಿ ಎರಡು ಸಾಲು ನನಗೆ ಕೊಟ್ಟರು. ನಾನು ಮೆಂತ್ಯ, ರಾಜಗಿರಿ, ಹಕ್ಕರಿಕೆ ಹಾಕಿದೆ. ಆರು ವಾರಕ್ಕೆ ಜೋಳದ ರೊಟ್ಟಿಯ ಜೊತೆ ಹಸಿ ಹಕ್ಕರಿಕೆ ಸೊಪ್ಪು ತಿಂದಾಗ ಪ್ರಕಾಶ್ ನಾಲ್ಕು ರೊಟ್ಟಿ ಮುಗಿಸಿದರು. ಈ ದೇಶಕ್ಕೆ ಬಂದ ಮೇಲೆ ನಾನು ಗೆದ್ದ ಮೊದಲ ಗೆಲುವು ಅದು. ಅದೂ ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಬಿಡಿ. ಅದೇ ಸೊಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಅಂಗಡಿಯಿಂದ ತಂದಿದ್ದರೆ ದೇಶ ಚೂರು ಬೆಳೆದಿರುತ್ತಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ರೀತ್ ಒಂದು ಹಾಳೆ ಹಿಡಿದು ಬಾಗಿಲಿಗೆ ಬಂದರು. ತೋಟ ಉಳಿಸಿ ಎಂಬ ಮನವಿ ಎಂದರು, ನಾನು ಸಹಿ ಹಾಕಿದೆ. ಇದರಲ್ಲಿ ಯೋಚಿಸುವುದೇನಿದೆ? ನಮ್ಮಲ್ಲಿ ಓಣಿಯ ಹಿರಿಯರು ಮನವಿ ಪತ್ರ ಹಿಡಿದು ಬಂದರೆ ಯಾರೂ ಓದುವುದಿಲ್ಲ. "ಚಾ ಕುಡೀರಿ" ಎನ್ನುತ್ತೇವೆ, ಸಹಿ ಹಾಕುತ್ತೇವೆ. ಕುಡಿಯುವ ನೀರಿಗೆ, ಬಸ್ ನಿಲ್ದಾಣಕ್ಕೆ, ಬೀದಿ ನಾಯಿಗಳಿಗೆ ನಾನು ಹಾಕಿದ ಸಹಿಗಳು ಎಷ್ಟೋ. ಅವು ಒಂದು ಕಚೇರಿಯ ಕಪಾಟು ಸೇರಿ ಅಲ್ಲೇ ಧೂಳು ತಿನ್ನುತ್ತಿರುತ್ತವೆ. ಸಹಿ ಎಂದರೆ ಅಭಿಪ್ರಾಯವಲ್ಲ, ದಾಕ್ಷಿಣ್ಯ.

ಮೂರು ವಾರದ ಮೇಲೆ ಖೆಮೇಂಟೆಯಿಂದ, ಅಂದರೆ ಇಲ್ಲಿಯ ನಗರಸಭೆಯಿಂದ, ನನ್ನ ಹೆಸರಿಗೆ ಪತ್ರ ಬಂತು. ಹೊಸ ಮನೆಗಳ ಯೋಜನೆಗೆ ತಾವು ಆಕ್ಷೇಪಣೆ ಸಲ್ಲಿಸಿದ್ದೀರಿ, ಇಂಥ ದಿನ ಸಭೆಯಿದೆ, ಮಾತನಾಡಲು ತಮಗೆ ಮೂರು ನಿಮಿಷ ಮೀಸಲಿಟ್ಟಿದ್ದೇವೆ ಎಂದಿತ್ತು. ಪ್ರಕಾಶ್ ಓದಿ ಪತ್ರವನ್ನು ನನ್ನ ಮುಂದೆ ಹಿಡಿದರು.

"ನಿನಗ ಯಾಕ ಪತ್ರ ಬರದಾರ ಇವರು?"

"ರೀತವ್ವ ಒಂದ್ ಕಾಗದ ತಂದಿದ್ರು. ಸಹಿ ಮಾಡಿದ್ನಿ."

"ಓದಿ ಮಾಡಿದ್ಯೋ ಇಲ್ಲೋ?"

"ಅಷ್ಟ್ ದೊಡ್ಡವರು ಬಾಗಿಲಿಗೆ ಬಂದ್ ನಿಂತಾಗ ಓದಕೋತ ನಿಂದ್ರಾಕ ಆಗತೈತೇನ್ರಿ?"

"ಅಲ್ಲ ಸುಮಾ, ಆ ತೋಟದ ಮ್ಯಾಲೇ ನಮ್ಮ ಮನಿ ಬರೂದು! ನಾವು ಹೆಸರು ಹಚ್ಚಿದ್ದು ಅದಕ್ಕ! ಒಂದ್ ಕೈಯಾಗ ಮನಿ ಕೊಡ್ರಿ ಅಂತೀವಿ, ಇನ್ನೊಂದ್ ಕೈಯಾಗ ಕಟ್ಟಬ್ಯಾಡ್ರಿ ಅಂತೀವಿ. ಮಂದಿ ನಗತಾರ."

"ಗದಗಿನಾಗ ಇದನ್ನ ಯಾರೂ ಓದತಿರ್ಲಿಲ್ಲರಿ" ಎಂದೆ. ಅದಕ್ಕಿಂತ ಬೇರೆ ಸಮಜಾಯಿಷಿ ನನ್ನಲ್ಲಿರಲಿಲ್ಲ.

ಹೊಸ ಮನೆಗಳು ಬರುವುದು ಅದೇ ತೋಟದ ಮೇಲೆ ಎಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ನಕ್ಷೆಯಲ್ಲಿ ಬರೀ ಒಂದು ಸಂಖ್ಯೆ ಇತ್ತು. ಸಹಿ ಹಿಂತೆಗೆದುಕೋ ಎಂದರು ಪ್ರಕಾಶ್. ಹಿಂತೆಗೆದರೆ ರೀತವ್ವನ ಮುಖ ಹೇಗೆ ನೋಡಲಿ? ಹಿಂತೆಗೆಯದಿದ್ದರೆ ಮಗಳ ಮುಖ? ಎರಡು ವಾರ ನಾನು ಅಡಕತ್ತರಿಯಲ್ಲಿ ಸಿಕ್ಕಂತೆ ಓಡಾಡಿದೆ.

ಆ ದಿನಗಳಲ್ಲಿ ನಮ್ಮ ಅಪ್ಪನ ಪ್ರೆಸ್ಸು ಮತ್ತೆ ಮತ್ತೆ ನೆನಪಾಯಿತು. ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯ. ಮದುವೆ ಪತ್ರಿಕೆ, ರಸೀದಿ ಪುಸ್ತಕ, ಶಾಲೆಯ ನೋಟ್‌ಬುಕ್ಕು. ಅವ್ವ ಹಾಳೆ ಮಡಿಸಿ, ದಪ್ಪ ಸೂಜಿಯಿಂದ ನೋಟ್‌ಬುಕ್ ಹೊಲಿಯುತ್ತಿದ್ದಳು. ಬೆರಳ ತುದಿಗೆ ಯಾವಾಗಲೂ ಬಟ್ಟೆಯ ಪಟ್ಟಿ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತಂತಿ ಪಿನ್ನು ಹೊಡೆಯುವ ಹಳೆಯದೊಂದು ಯಂತ್ರ ತಂದ. ಅವ್ವ ಸಂಜೆಯತನಕ ಮಾಡುತ್ತಿದ್ದ ಕೆಲಸ ಮಧ್ಯಾಹ್ನದೊಳಗೆ ಮುಗಿಯತೊಡಗಿತು. ಆ ವರ್ಷವೇ ನಾನು ಮೊದಲ ಸಲ ಅವ್ವ ಹಗಲು ಹೊತ್ತು ಮಲಗಿದ್ದನ್ನು ನೋಡಿದ್ದು. ಶಾಲೆಯಿಂದ ಬಂದವಳು ಗಾಬರಿಯಾಗಿ ಅವಳಿಗೆ ಜ್ವರವೇನೋ ಎಂದು ಹಣೆ ಮುಟ್ಟಿದ್ದೆ. ನೋಟ್‌ಬುಕ್ಕು ಅಗ್ಗವಾಯಿತು, ಹೆಚ್ಚು ಮಾರಾಟವಾಯಿತು, ಓಣಿಯ ಇಬ್ಬರು ಹುಡುಗಿಯರಿಗೆ ನಮ್ಮಲ್ಲೇ ಕೆಲಸವಾಯಿತು, ನಾನು ಧಾರವಾಡದಲ್ಲಿ ಎಂ.ಎ. ಓದಿದೆ. ತರಗತಿಯಲ್ಲಿ ಬೆಳವಣಿಗೆಯನ್ನು ನಾನು ಹೀಗೇ ವಿವರಿಸುತ್ತಿದ್ದೆ: ಹೆಚ್ಚು ಬೆವರು ಸುರಿಸುವುದಲ್ಲ, ಅಷ್ಟೇ ಬೆವರಿಗೆ ಹೆಚ್ಚು ಹುಟ್ಟುವುದು. ಅದು ವರ್ಷ ವರ್ಷ ಬಡ್ಡಿಯ ಮೇಲೆ ಬಡ್ಡಿ ಸೇರಿದ ಹಾಗೆ ಕೂಡುತ್ತದೆ. ವರ್ಷಕ್ಕೆ ನೂರಕ್ಕೆ ಏಳರಂತೆ ಬೆಳೆದರೆ ಹತ್ತು ವರ್ಷಕ್ಕೆ ಇಮ್ಮಡಿ. ಆಸ್ಪತ್ರೆ, ಶಾಲೆ, ನಲ್ಲಿ ನೀರು, ಅವ್ವನ ಮಧ್ಯಾಹ್ನದ ನಿದ್ದೆ, ಎಲ್ಲ ಬರುವುದು ಅಲ್ಲಿಂದಲೇ. ಇದನ್ನು ಸುಳ್ಳು ಎಂದು ಹೇಳಲು ನನ್ನಿಂದ ಇಂದಿಗೂ ಆಗದು.

ಒಂದು ಶನಿವಾರ ತೋಟದಲ್ಲಿ ಮೂಲಂಗಿ ಕೀಳುತ್ತ ರೀತ್‌ಗೆ ಈ ಕತೆ ಹೇಳಿದೆ. ನಮ್ಮ ಮಾತು ಇಂಗ್ಲಿಷಿನಲ್ಲಿ ಆರಂಭವಾಗಿ ಅವರ ಡಚ್ಚಿನಲ್ಲಿ ಎಡವುತ್ತ ಸಾಗುತ್ತದೆ. ಅವರು ನಕ್ಕು, ತಮ್ಮ ಅಪ್ಪ ಸಿಗಾರ್ ಕಾರ್ಖಾನೆಯಲ್ಲಿ ಎಲೆ ಸುತ್ತುತ್ತಿದ್ದರು, ಎಂಟು ಮಕ್ಕಳ ಮನೆಗೆ ಒಂದೇ ಒಲೆ, ಚಳಿಗಾಲದಲ್ಲಿ ಕಿಟಕಿಯ ಒಳಗಡೆ ಹಿಮ ಕಟ್ಟುತ್ತಿತ್ತು ಎಂದರು. ಈಗ ಅವರ ಸೊಂಟದಲ್ಲಿ ಆಪರೇಷನ್ ಮಾಡಿ ಕೂರಿಸಿದ ಹೊಸ ಕೀಲಿದೆ. ಅದರ ಮೇಲೆ ಕೈಯಿಟ್ಟು, "ಬೆಳವಣಿಗೆ ಏನು ಕೊಟ್ಟಿತು ಎಂದು ನನಗೆ ಪಾಠ ಬೇಕಿಲ್ಲ, ಸುಮಾ. ಇದು ಎಲ್ಲಿಗೆ ನಿಲ್ಲುತ್ತದೆ ಎಂದು ನಿನ್ನ ಪುಸ್ತಕದಲ್ಲಿ ಬರೆದಿದೆಯೇ?" ಎಂದು ಕೇಳಿದರು.

ಬರೆದಿಲ್ಲ. ಹನ್ನೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ನಾನು ಮೂಲಂಗಿಯ ಮಣ್ಣು ಕೊಡವುತ್ತ ಕುಳಿತೆ. ಹೊಸ ಮನೆಗೆ ಹೆಸರು ಹಚ್ಚಿದ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೂ ಹೇಳಲಿಲ್ಲ.

ಸಭೆಯ ಹಿಂದಿನ ದಿನ ಇನ್ನೊಂದು ನೆನಪು ಬಂದು ನನ್ನನ್ನು ಮತ್ತಷ್ಟು ಕೆಡಿಸಿತು. ನಮ್ಮ ಪ್ರೆಸ್ಸಿನ ಮುಂದಿನ ರಸ್ತೆ ಅಗಲ ಮಾಡಿದಾಗ ಯಾರೂ ನಮ್ಮನ್ನು ಕೇಳಿರಲಿಲ್ಲ. ಒಂದು ಬೆಳಿಗ್ಗೆ ಗೋಡೆಯ ಮೇಲೆ ಕೆಂಪು ಬಣ್ಣದ ಗೆರೆ, ತಿಂಗಳೊಪ್ಪತ್ತಿನಲ್ಲಿ ಮುಂಭಾಗ ನೆಲಸಮ. ಅಪ್ಪ ಬೈಯಲಿಲ್ಲ. "ಅರ್ಧಾ ಅಂಗಡಿ ಹೋತು, ಖರೆ. ಆದ್ರ ರೋಡ್ ಬಂತಲ್ಲವ್ವಾ, ಇನ್ನ ಲಾರಿ ಬಾಗಿಲಿಗೇ ಬರ್ತಾವು" ಎಂದು ಧೂಳಿನಲ್ಲಿ ನಿಂತು ಖುಷಿಪಟ್ಟಿದ್ದ. ಅರ್ಧ ಅಂಗಡಿ ಹೋದವನಿಗೆ ಒಂದು ಪತ್ರವೂ ಬರಲಿಲ್ಲ. ಇಲ್ಲಿ ಸೊಪ್ಪಿನ ಎರಡು ಸಾಲಿಗೆ ಮೂರು ನಿಮಿಷ ಕೊಡುತ್ತಾರೆ. ಕೇಳಿ ಕೇಳಿ ಮಾಡುವುದರಿಂದ ಇಲ್ಲಿ ಮನೆ ತಡವಾಗುತ್ತದೆ, ಕೇಳದೆ ಮಾಡುವುದರಿಂದ ಅಲ್ಲಿ ರಸ್ತೆ ಬೇಗ ಬರುತ್ತದೆ. ಯಾವುದು ಸರಿ ಎಂದು ನನ್ನನ್ನು ಕೇಳಬೇಡಿ.

ಹೀಗೆ ಆ ಸಂಜೆ ನನ್ನ ಸರದಿ ಬಂತು. ಹೇಳಬೇಕಾದ ಮಾತು ಬರೆದುಕೊಂಡಿದ್ದ ಚೀಟಿ ಬಿಡಿಸಿದೆ. ಮುಂದಿನ ಸಾಲಿನಲ್ಲಿ ರೀತ್ ನನ್ನತ್ತ ತಿರುಗಿ ಧೈರ್ಯ ತುಂಬುವಂತೆ ತಲೆಯಾಡಿಸಿದರು. ಅದನ್ನು ನೋಡಿದ ಮೇಲೆ ಚೀಟಿ ಓದಲಾಗಲಿಲ್ಲ.

"ನಾನು ರೀತ್ ಅವರ ಪಕ್ಕದ ಮನೆಯವಳು" ಎಂದು ಕಲಿತಷ್ಟು ಡಚ್ಚಿನಲ್ಲಿ ಆರಂಭಿಸಿದೆ. ಆಮೇಲೆ ಇಂಗ್ಲಿಷಿಗೆ ಜಾರಿದೆ. "ತೋಟ ಉಳಿಯಲಿ ಎಂದು ಸಹಿ ಹಾಕಿದ್ದೇನೆ. ಆ ತೋಟದ ಮೇಲೆ ಕಟ್ಟುವ ಮನೆಗೂ ಹೆಸರು ಕೊಟ್ಟಿದ್ದೇನೆ. ನಮ್ಮ ಬಾಡಿಗೆಯ ಅವಧಿ ಮುಗಿಯುತ್ತಿದೆ. ಎರಡೂ ಪಟ್ಟಿಯಲ್ಲಿ ನನ್ನ ಹೆಸರಿದೆ."

ಹಿಂದೆ ಯಾರೋ ನಕ್ಕರು. ರೀತ್ ನಗಲಿಲ್ಲ. ಸಭೆ ನಡೆಸುತ್ತಿದ್ದ ನಗರಸಭೆಯ ಹೆಂಗಸು ಪೆನ್ನು ಹಿಡಿದು, "ಹಾಗಾದರೆ ತಾವು ಪರವೋ ವಿರೋಧವೋ?" ಎಂದು ಕೇಳಿದರು.

"ಗೊತ್ತಿಲ್ಲ" ಎಂದೆ.

"ಗೊತ್ತಿಲ್ಲ ಎಂದೇ ಬರೆದುಕೊಳ್ಳಲೇ?" ಎಂದರು. ಅದರಲ್ಲಿ ಗೇಲಿ ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಹೂಂ ಎಂದೆ, ಬರೆದುಕೊಂಡರು. ಉಳಿದ ಸಮಯದಲ್ಲಿ ನಾನು ಅವ್ವನ ಮಧ್ಯಾಹ್ನದ ನಿದ್ದೆಯ ಕತೆ ಹೇಳತೊಡಗಿದೆ. ನನಗೆ ಹೇಳಬೇಕಿದ್ದುದು, ಸಾಕು ಎನ್ನಲೂ ಮೊದಲು ಒಂದಿಷ್ಟು ಸಿಕ್ಕಿರಬೇಕು, ನಮಗೆ ಈಗಷ್ಟೇ ಸಿಗುತ್ತಿದೆ ಎಂದು. ಅದನ್ನು ಹೇಳುವ ಮೊದಲೇ ಮೂರು ನಿಮಿಷದ ಗಂಟೆ ಬಡಿಯಿತು.

ಹೊರಗೆ ಸೈಕಲ್ಲುಗಳ ಹತ್ತಿರ ರೀತ್ ನನಗಾಗಿ ಕಾದಿದ್ದರು. "ಅಂದು ಬಾಗಿಲಲ್ಲೇ ಹೇಳಬಹುದಿತ್ತಲ್ಲ" ಎಂದರು. "ಬೇಡ ಎಂದಿದ್ದರೆ ನಾನು ಮುಂದಿನ ಮನೆಗೆ ಹೋಗುತ್ತಿದ್ದೆ, ಅಷ್ಟೇ. ಇದು ಮಾತ್ರ ನೋವಾಯಿತು."

ನಮ್ಮಲ್ಲಿ ಬೇಡ ಎಂದರೆ ನೋವು. ಇಲ್ಲಿ ಬೇಡ ಎನ್ನದಿದ್ದರೆ ನೋವು. ಸಹಿ ಹಾಕಿದ ದಿನ ನನಗೆ ಗೊತ್ತಿರಲಿಲ್ಲ ನಿಜ, ಆದರೆ ಗೊತ್ತಾದ ಮೇಲೂ ಹೇಳಿರಲಿಲ್ಲ. ಕ್ಷಮೆ ಕೇಳಿದೆ. ಅವರು ಸೈಕಲ್ ಹತ್ತಿ ಹೋದರು. ಬಿಸಿಲು ಇನ್ನೂ ಹಾಗೆಯೇ ಇತ್ತು. ಆರು ವಾರ ನಾನು ತೋಟದ ಕಡೆ ತಲೆ ಹಾಕಲಿಲ್ಲ, ನಾಚಿಕೆಯಿಂದ. ಕೊನೆಗೊಂದು ದಿನ ಬಾಗಿಲ ಮುಂದೆ ಒಂದು ಬುಟ್ಟಿ ಇತ್ತು. ಬಲಿತು ಹೂಬಿಟ್ಟ ನನ್ನದೇ ಮೆಂತ್ಯ, ಮೇಲೊಂದು ಚೀಟಿ: 'ನಿನ್ನ ಸಾಲುಗಳನ್ನು ನೀನೇ ನೋಡಿಕೊಳ್ಳಬೇಕು.' ಓದಿ ಅತ್ತೆ, ಆಮೇಲೆ ಓಡಿದೆ.

ಯೋಜನೆಗೆ ಒಪ್ಪಿಗೆ ಸಿಕ್ಕಿತು. ತೋಟದವರಿಗೆ ಕಾಲುವೆಯಾಚೆ ಬದಲಿ ಜಾಗ ಕೊಟ್ಟರು. ಚೀಟಿಯಲ್ಲಿ ನಮ್ಮ ಹೆಸರು ಬಂತು. ಸಿಂಚನಾ ಮನೆ ತುಂಬ ಕುಣಿದಳು, ಪ್ರಕಾಶ್ ಊರಿಗೆಲ್ಲ ಫೋನು ಮಾಡಿದರು. ನಾನೂ ಕುಣಿದೆ, ಸುಳ್ಳೇಕೆ ಹೇಳಲಿ. ಹಳೆಯ ಮನೆಯ ಯಜಮಾನರು ಬರುವುದು ತಡವಾದದ್ದು ನಮ್ಮ ಪುಣ್ಯ. ಅದರಿಂದ ಹೊಸ ಮನೆ ಮುಗಿಯುವತನಕ ಅಲ್ಲೇ ಉಳಿದೆವು. ತೋಟ ತೆರವು ಮಾಡಿದ ದಿನ ರೀತ್ ಹಳೆಯ ನೆಲದ ಮಣ್ಣನ್ನು ಒಂದು ಬಕೆಟ್ಟಿನಲ್ಲಿ ತುಂಬಿ ನನ್ನ ಕೈಗೆ ಕೊಟ್ಟು, "ನಲವತ್ತು ವರ್ಷ ಗೊಬ್ಬರ ತಿಂದ ಮಣ್ಣು. ಕಟ್ಟಡದವರು ಬರೀ ಮರಳು ತುಂಬುತ್ತಾರೆ, ನಿನಗೆ ಬೇಕಾಗುತ್ತದೆ" ಎಂದರು. ಈಗ ಆ ಮಣ್ಣು ನಮ್ಮ ಹಿತ್ತಲಿನ ಮೂಲೆಯಲ್ಲಿದೆ, ಹಕ್ಕರಿಕೆ ಅಲ್ಲಿ ಮಾತ್ರ ಚೆನ್ನಾಗಿ ಬರುತ್ತದೆ.

ಇದು ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೊಸ ಮನೆಗೆ ಬಂದು ವರ್ಷ ತುಂಬಿಲ್ಲ. ಕಳೆದ ಭಾನುವಾರ ವಿಜಯಪುರದ ಕಡೆಯ ಒಂದು ಜೋಡಿಯನ್ನು ಊಟಕ್ಕೆ ಕರೆದಿದ್ದೆವು. ಬಂದು ಐದು ತಿಂಗಳು, ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದಾರೆ. ಆಕೆ ಬಸುರಿ. ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಎರಡನೆಯ ಹಂತದ ಮನೆಗಳು ಬರಲಿವೆಯಂತೆ, ಅದಕ್ಕೆ ಹೆಸರು ಹಚ್ಚಿದ್ದಾರೆ. "ಅಕ್ಕಾರ, ನಮಗೂ ನಿಮ್ಮ ಹಂಗ ಚೀಟಿ ಹತ್ತಿದ್ರ ಸಾಕ್ರಿ" ಎಂದಳು. ಪ್ರಕಾಶ್ ಆಕೆಯ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, "ಹತ್ತತೈತಿ ತಗೋರಿ" ಎಂದರು.

ಅವರು ಹೋದ ಮೇಲೆ ಪ್ರಕಾಶ್ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಓಣಿಯ ಹೊಸ ಮನೆಯವರೆಲ್ಲ ಸೇರಿ ಬರೆದ ಆಕ್ಷೇಪಣೆ. ಅವರ ಸಹಿ ಆಗಲೇ ಬಿದ್ದಿತ್ತು.

"ಹಿಂದ ಮೂರಂತಸ್ತಿನ ಮನಿ ಬಂದ್ರ ನಮ್ಮ ಹಿತ್ತಲಕ ಬಿಸಲ ಬೀಳೂದಿಲ್ಲ ಸುಮಾ. ಗಾಡಿ ಗದ್ದಲ ಬ್ಯಾರೆ. ಇಷ್ಟ ಸಾಕು ಈ ಊರಿಗೆ. ಸಹಿ ಮಾಡು."

ನಾನು ಅವರ ಮುಖ ನೋಡಿದೆ. "ಈಗ ಹೋಳಿಗಿ ಹಾಕಿದ ಕೈ ಅಲ್ಲೇನ್ರಿ ಅದು?"

ಅವರು ತಟ್ಟೆ ಎತ್ತಿಕೊಂಡು ತೊಳೆಯಲು ಹೋದರು. ಅವರನ್ನು ಬೈಯುವ ಹಕ್ಕು ನನಗಿಲ್ಲ. ಬಿಸಿಲು ಹೋದರೆ ಹಕ್ಕರಿಕೆ ಹೋಗುತ್ತದೆ, ರೀತವ್ವನ ಮಣ್ಣು ತಣ್ಣಗಾಗುತ್ತದೆ. ನನ್ನ ಎದೆಯಲ್ಲೂ 'ಸಾಕು' ಎಂಬ ಮಾತು ಎದ್ದಿದೆ. ನಾಲ್ಕು ವರ್ಷದ ಹಿಂದೆ ನನ್ನನ್ನು ನೋಡಿ ಇಲ್ಲಿಯವರ ಎದೆಯಲ್ಲಿ ಎದ್ದ ಮಾತೂ ಅದೇ ಇರಬೇಕು. ಈ ಊರಿನವಳಾಗುವುದೆಂದರೆ ಇದೇ ಆದರೆ, ಆಗಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ. ಆದರೆ ಆ ಹುಡುಗಿ 'ಅಕ್ಕಾರ' ಎಂದಾಗ ನಾನು ಒಂದು ಕ್ಷಣ ಬೆಟಗೇರಿಯ ಪ್ರೆಸ್ಸಿನಲ್ಲಿ, ಯಂತ್ರ ಬರುವುದನ್ನು ಕಾಯುತ್ತ ನಿಂತಿದ್ದೆ.

ಹಾಳೆ ಮೂರು ದಿನದಿಂದ ಮೇಜಿನ ಮೇಲೆಯೇ ಇದೆ. ಶುಕ್ರವಾರ ಕೊನೆಯ ದಿನ. ನಿಘಂಟು ಪಕ್ಕದಲ್ಲಿಟ್ಟುಕೊಂಡು ನಾಲ್ಕು ಸಲ ಓದಿದ್ದೇನೆ, ಈಗ ಪ್ರತಿ ಪದವೂ ಅರ್ಥವಾಗುತ್ತದೆ. ಗದಗಿನಲ್ಲಿದ್ದಿದ್ದರೆ ಓದದೆಯೇ ಸಹಿ ಹಾಕಿ, ಚಾ ಕೊಟ್ಟು ಕಳಿಸಿರುತ್ತಿದ್ದೆ.